ಪಕ್ಕದಲ್ಲಿ ಕುಳಿತವರು: ಯೇಲ್ ಫೀಲ್ಡ್ ಮತ್ತು ರೋಜರ್ ಏಂಜೆಲ್‌ರ ಒಂದು ಪ್ರಬಂಧ

ಬೇಸ್‌ಬಾಲ್ ಬಗ್ಗೆ ನನಗಿರುವ ತಿಳಿವಳಿಕೆಯೆಲ್ಲ ಓದಿನಿಂದ ಬಂದದ್ದು. ಒಂದು ಪಂದ್ಯವನ್ನೂ ಮೈದಾನದಲ್ಲಿ ಕೂತು ನೋಡಿದವಳಲ್ಲ. ಆದರೂ ಕಳೆದ ಒಂದು ವರ್ಷದಲ್ಲಿ ನಾನು ಅತಿ ಹೆಚ್ಚು ಸಲ ಓದಿದ ಗದ್ಯ ಯಾವುದೆಂದರೆ ರೋಜರ್ ಏಂಜೆಲ್ ಬರೆದ 'ದಿ ವೆಬ್ ಆಫ್ ದ ಗೇಮ್'. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನದಲ್ಲಿ ಒಂದು ಮಧ್ಯಾಹ್ನ ನಡೆದ, ಇಬ್ಬರು ವಿದ್ಯಾರ್ಥಿಗಳ ಎಸೆತದ ಬಲದಿಂದ ಹೆಸರಾದ ಒಂದು ಪಂದ್ಯದ ಕುರಿತ ಪ್ರಬಂಧ ಅದು. ನನ್ನ ಸಂಶೋಧನೆ ವೃತ್ತಿರಂಗಭೂಮಿಯ ಕಲಾವಿದರ ನಿರೂಪಿತ ಆತ್ಮಕಥೆಗಳ ಕುರಿತದ್ದು. ಅಲ್ಲಿಂದ ಈ ಮೈದಾನಕ್ಕೆ ನಾನು ಬಂದ ದಾರಿಯನ್ನು ಮುಂದೆ ಹೇಳುತ್ತೇನೆ. ಮೊದಲು ಪಂದ್ಯ.

1981ರ ಮೇ 21. ಕಾಲೇಜು ತಂಡಗಳ ರಾಷ್ಟ್ರೀಯ ಟೂರ್ನಿಯ ಪ್ರಾದೇಶಿಕ ಸುತ್ತು. ಒಂದು ಕಡೆ ಯೇಲ್, ಇನ್ನೊಂದು ಕಡೆ ನ್ಯೂಯಾರ್ಕ್ ನಗರದ ಸೇಂಟ್ ಜಾನ್ಸ್ ವಿಶ್ವವಿದ್ಯಾಲಯ. ಯೇಲ್ ಪರವಾಗಿ ಚೆಂಡೆಸೆದವನು ರಾನ್ ಡಾರ್ಲಿಂಗ್, ಸೇಂಟ್ ಜಾನ್ಸ್ ಪರವಾಗಿ ಫ್ರಾಂಕ್ ವಯೋಲಾ. ಕ್ರಿಕೆಟ್ ಗೊತ್ತಿರುವವರಿಗೆ ಒಂದು ಮಾತು: ಬೇಸ್‌ಬಾಲ್‌ನಲ್ಲಿ ಒಂದೊಂದು ಇನಿಂಗ್ಸ್‌ನಲ್ಲಿ ಪ್ರತಿ ತಂಡದ ಮೂವರು ಔಟಾಗಬೇಕು, ಇಂಥ ಒಂಬತ್ತು ಇನಿಂಗ್ಸ್‌ಗೆ ಪಂದ್ಯ ಮುಗಿಯುತ್ತದೆ, ಸಮವಾದರೆ ಮುಂದುವರಿಯುತ್ತದೆ. ಬ್ಯಾಟುಗಾರ ತನ್ನ ಹೊಡೆತದ ಬಲದಿಂದಲೇ ಸುರಕ್ಷಿತವಾಗಿ ಮೊದಲ ಬೇಸ್ ಮುಟ್ಟಿದರೆ ಅದು ಒಂದು 'ಹಿಟ್'. ಡಾರ್ಲಿಂಗ್ ಅವತ್ತು ಹನ್ನೊಂದು ಇನಿಂಗ್ಸ್, ಎಂದರೆ 33 ಔಟ್ ಆಗುವವರೆಗೆ, ಎದುರಾಳಿಗೆ ಒಂದು ಹಿಟ್ಟನ್ನೂ ಕೊಡಲಿಲ್ಲ. ವಯೋಲಾ ಹಿಟ್‌ಗಳನ್ನು ಕೊಟ್ಟ, ಆದರೆ ಹನ್ನೊಂದು ಇನಿಂಗ್ಸ್‌ನಲ್ಲಿ ಒಂದು ರನ್ನನ್ನೂ ಬಿಡಲಿಲ್ಲ. ಹನ್ನೆರಡನೆಯದರಲ್ಲಿ ಸೇಂಟ್ ಜಾನ್ಸ್‌ನ ಸ್ಟೀವ್ ಸ್ಕಾಫಾನ ಹೊಡೆತವೊಂದು ಯಾರ ಕೈಗೂ ಸಿಗದೆ ಬಿತ್ತು. ಅಷ್ಟೂ ಹೊತ್ತು ಕಟ್ಟಿಕೊಂಡು ಬಂದದ್ದು ಆ ಒಂದು ಮೆತ್ತನೆಯ ಹೊಡೆತಕ್ಕೆ ಮುರಿಯಿತು. ಜನ ಎದ್ದು ನಿಂತು ಡಾರ್ಲಿಂಗ್‌ಗೆ ಚಪ್ಪಾಳೆ ತಟ್ಟಿದರು, ಎದುರಾಳಿ ಹುಡುಗರೂ ತಟ್ಟಿದರು. ಸ್ಕಾಫಾ ಎರಡನೆಯ ಬೇಸನ್ನು ಕದ್ದ, ಮೂರನೆಯದನ್ನೂ ಕದ್ದ, ಕೊನೆಗೆ ಜೊತೆ ಓಟಗಾರನೊಂದಿಗೆ ಹೂಡಿದ ಇನ್ನೊಂದು ಕಳ್ಳ ಓಟದಲ್ಲಿ ಮನೆ ಮುಟ್ಟಿದ. 1-0. ಯೇಲ್ ಸೋತಿತು. ಡಾರ್ಲಿಂಗ್ 16 ಜನರನ್ನು ಸ್ಟ್ರೈಕೌಟ್ ಮಾಡಿದ್ದ.

ಇಷ್ಟೇ ಆಗಿದ್ದರೆ ಇದು ದಾಖಲೆ ಪುಸ್ತಕದ ಒಂದು ಸಾಲು. ಆದರೆ ಅಂದು ಗ್ಯಾಲರಿಯಲ್ಲಿ ಏಂಜೆಲ್ ಜೊತೆ ಕುಳಿತಿದ್ದವರು ಸ್ಮೋಕಿ ಜೋ ವುಡ್. ವಯಸ್ಸು 91.

ವುಡ್ ಯಾರೆಂದು ಹೇಳದೆ ಮುಂದೆ ಹೋಗಲಾಗದು. 1912ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಬಾಸ್ಟನ್ ರೆಡ್ ಸಾಕ್ಸ್ ಪರವಾಗಿ ಎಸೆದು 34 ಪಂದ್ಯ ಗೆದ್ದು ಐದನ್ನು ಮಾತ್ರ ಸೋತವರು ಅವರು. ಆ ವರ್ಷದ ಸೆಪ್ಟೆಂಬರ್ 6ರಂದು ವಾಲ್ಟರ್ ಜಾನ್ಸನ್ ಎಂಬ ಮಹಾ ಎಸೆತಗಾರನ ಎದುರು ಅವರು ಗೆದ್ದದ್ದು ಕೂಡ 1-0 ಅಂತರದಿಂದಲೇ. ಮರುವರ್ಷ ಹೆಬ್ಬೆರಳು ಮುರಿಯಿತು, ಆಮೇಲೆ ಭುಜದ ನೋವು ಬಿಡಲಿಲ್ಲ. ಎಸೆಯುವುದು ಸಾಧ್ಯವಿಲ್ಲವೆಂದಾದಾಗ ಕ್ಲೀವ್‌ಲೆಂಡ್ ತಂಡದಲ್ಲಿ ಬ್ಯಾಟುಗಾರನಾಗಿ, ಔಟ್‌ಫೀಲ್ಡರ್ ಆಗಿ ಮತ್ತೆ ಬಂದರು. 1922ರ ನಂತರ ವೃತ್ತಿ ಆಟ ಬಿಟ್ಟು ಯೇಲ್‌ಗೆ ಬಂದು ಸುಮಾರು ಎರಡು ದಶಕ, 1942ರವರೆಗೆ, ಅಲ್ಲಿನ ಹುಡುಗರಿಗೆ ಆಟ ಕಲಿಸಿದರು.

ಎಂದರೆ, 1981ರಲ್ಲಿ ವುಡ್ ಕುಳಿತಿದ್ದ ಜಾಗ ಅವರ ಹಳೆಯ ಕೆಲಸದ ಜಾಗ. ಯೇಲ್ ಫೀಲ್ಡ್‌ನ ಉಕ್ಕು ಕಾಂಕ್ರೀಟಿನ ಗ್ಯಾಲರಿ ಎದ್ದದ್ದು 1920ರ ದಶಕದ ಕೊನೆಯಲ್ಲಿ, ಅವರು ಅಲ್ಲಿ ಕೋಚ್ ಆಗಿದ್ದಾಗಲೇ. ಅದು ವಿಶ್ವವಿದ್ಯಾಲಯದ ಮುಖ್ಯ ಕಟ್ಟಡಗಳಿಂದ ದೂರ, ಊರಿನ ಅಂಚಿನಲ್ಲಿದೆ. ಹತ್ತಿರದಲ್ಲೇ ಯೇಲ್ ಬೌಲ್ ಎಂಬ ಭಾರೀ ಫುಟ್‌ಬಾಲ್ ಮೈದಾನ. ಅದರ ಮುಂದೆ ಇದು ಚಿಕ್ಕದು. ಆದರೆ ಈ ಚಿಕ್ಕ ಮೈದಾನಕ್ಕೆ ದೊಡ್ಡವರ ನಂಟು ಬಹಳ. 1948ರಲ್ಲಿ, ಸಾಯುವುದಕ್ಕೆ ಎರಡು ತಿಂಗಳ ಮೊದಲು, ಕ್ಯಾನ್ಸರ್‌ನಿಂದ ಬಡಕಲಾಗಿದ್ದ ಬೇಬ್ ರೂತ್ ತನ್ನ ಆತ್ಮಕಥೆಯ ಹಸ್ತಪ್ರತಿಯನ್ನು ಯೇಲ್ ಗ್ರಂಥಾಲಯಕ್ಕೆಂದು ಕೊಟ್ಟದ್ದು ಇದೇ ಮೈದಾನದಲ್ಲಿ. ಅದನ್ನು ಪಡೆದುಕೊಂಡ ತಂಡದ ನಾಯಕ ಜಾರ್ಜ್ ಬುಷ್, ಮುಂದೆ ಅಮೆರಿಕದ ಅಧ್ಯಕ್ಷನಾದವನು. ಈಗ ಮೈದಾನಕ್ಕೆ ಅವನದೇ ಹೆಸರು. ಆತ್ಮಕಥೆಗಳ ಬಗ್ಗೆ ಕೆಲಸ ಮಾಡುವ ನನಗೆ ಆ ಫೋಟೋ ವಿಚಿತ್ರವಾಗಿ ಕಾಡುತ್ತದೆ. ರೂತ್‌ನ ಆ ಪುಸ್ತಕವೂ ಬೇರೆಯವರು ಕೂತು ಬರೆದುಕೊಟ್ಟದ್ದೇ. ಒಬ್ಬ ಆಟಗಾರ, ತಾನು ಬರೆಯದ ತನ್ನ ಕಥೆಯನ್ನು, ಆಟದ ಮೈದಾನದಲ್ಲಿ ನಿಂತು, ಗ್ರಂಥಾಲಯಕ್ಕೆ ಒಪ್ಪಿಸುತ್ತಿದ್ದಾನೆ.

ಈಗ ನನ್ನ ದಾರಿ. ಮೂರು ವರ್ಷಗಳ ಹಿಂದೆ ಗದಗದ ಕಡೆಯ ಒಂದು ಹಳ್ಳಿಗೆ ಹೋಗಿ ಹಿರಿಯ ನಟರೊಬ್ಬರನ್ನು ಮಾತನಾಡಿಸಿದ್ದೆ. ಹುಡುಗನಾಗಿದ್ದಾಗ ನಾಟಕ ಕಂಪನಿಗಳಲ್ಲಿ ಹೆಣ್ಣು ಪಾತ್ರ ಮಾಡುತ್ತಿದ್ದವರು. ಎರಡು ದಿನ ಮನೆಯ ಪಡಸಾಲೆಯಲ್ಲಿ ಎದುರು ಕೂತು ಕೇಳಿದ ಪ್ರಶ್ನೆಗಳಿಗೆಲ್ಲ ಅವರು ಉತ್ತರ ಕೊಟ್ಟರು. ಉತ್ತರಗಳು ನಯವಾಗಿದ್ದವು. ಎಷ್ಟು ನಯ ಎಂದರೆ, ಆಮೇಲೆ ಹಳೆಯ ವಾರಪತ್ರಿಕೆಯೊಂದರಲ್ಲಿ ಅವರ ಸಂದರ್ಶನ ಸಿಕ್ಕಾಗ ಅದೇ ಪ್ರಸಂಗಗಳು ಅದೇ ಅನುಕ್ರಮದಲ್ಲಿ, ನಗುವ ಜಾಗದಲ್ಲಿ ನಗು ಸಮೇತ ಇದ್ದವು. ಮೂರನೆಯ ದಿನ ಸಂಜೆ ಅವರು ಪಡಸಾಲೆಯಲ್ಲಿ ಕೂರಲು ಒಪ್ಪಲಿಲ್ಲ. ಗುಡಿಯ ಮುಂದೆ ಜಾತ್ರೆಯ ನಾಟಕದ ತಾಲೀಮು ನಡೆದಿತ್ತು. ಅಲ್ಲಿಯ ಕಟ್ಟೆಯ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ, ಫೋನಿನ ರೆಕಾರ್ಡಿಂಗ್ ಒತ್ತಿದೆ, ಕಂಪನಿಯ ಕಾಲದ ಬಗ್ಗೆ ಕೇಳಿದೆ. ಅವರು, "ಸುಮ್ಕ ಕುಂದ್ರವಾ ಒಂದೀಟು. ಆ ಹುಡುಗನ್ನ ನೋಡು," ಅಂದರು. ಮುಂದಿನ ಎಷ್ಟೋ ಹೊತ್ತು ತಾಲೀಮಿನ ಗದ್ದಲ, ಪೇಟಿಯ ಸದ್ದು, ನಡುನಡುವೆ ಅವರ ಅರ್ಧ ಮಾತುಗಳು. ಮನೆಗೆ ಬಂದು ಬರಹಕ್ಕಿಳಿಸುವಾಗ ಆ 41 ನಿಮಿಷಗಳ ಎದುರು ಒಂದೇ ಪದ ಬರೆದಿಟ್ಟೆ: ಅಪ್ರಸ್ತುತ.

ಅಧ್ಯಾಯದ ಕರಡು ಓದಿದ ನನ್ನ ಮಾರ್ಗದರ್ಶಕರು ಅಂಚಿನಲ್ಲಿ ಕೇಳಿದ್ದರು, "ಇದರಲ್ಲಿ ಕೇಳಿದವಳು ಎಲ್ಲಿ?" ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಜಗತ್ತಿನ ಬೇರೆ ಬೇರೆ ಕಡೆ ಮುದುಕರ ನೆನಪುಗಳನ್ನು ಟೇಪಿಗೆ ಹಿಡಿದವರ ಪುಸ್ತಕಗಳನ್ನು ಓದತೊಡಗಿದೆ. ಅವುಗಳಲ್ಲೊಂದು ಲಾರೆನ್ಸ್ ರಿಟರ್ ಅವರ 'ದಿ ಗ್ಲೋರಿ ಆಫ್ ದೇರ್ ಟೈಮ್ಸ್' (1966). ರಿಟರ್ ಅರ್ಥಶಾಸ್ತ್ರದ ಪ್ರಾಧ್ಯಾಪಕರು. ಇಪ್ಪತ್ತನೆಯ ಶತಮಾನದ ಆರಂಭದ ಬೇಸ್‌ಬಾಲ್ ಆಟಗಾರರನ್ನು ಊರೂರು ತಿರುಗಿ ಹುಡುಕಿ, ಟೇಪ್ ರೆಕಾರ್ಡರ್ ಇಟ್ಟು ಮಾತಾಡಿಸಿ, ಪ್ರತಿಯೊಬ್ಬರದನ್ನೂ ಒಂದೊಂದು ಅಖಂಡ ಸ್ವಗತವಾಗಿ ಹೊಲಿದವರು. ಪ್ರಶ್ನೆಗಳನ್ನೆಲ್ಲ ತೆಗೆದುಹಾಕಿದ್ದಾರೆ. ಓದುವಾಗ ಒಬ್ಬೊಬ್ಬ ಅಜ್ಜನೂ ತಾನಾಗಿಯೇ ಬಾಯಿಬಿಟ್ಟು ಹೇಳುತ್ತಿದ್ದಾನೆ ಅನ್ನಿಸುತ್ತದೆ. ನಾನು ಮಾಡುತ್ತಿದ್ದದ್ದೂ ಅದನ್ನೇ. ಆ ಪುಸ್ತಕದಲ್ಲಿ ಜೋ ವುಡ್ ಅವರ ಅಧ್ಯಾಯವೂ ಇದೆ. ಹದಿಹರೆಯದಲ್ಲಿ ಅವರು ಹೆಣ್ಣುಮಕ್ಕಳ ತಂಡವೆಂದು ಹೇಳಿಕೊಂಡು ಊರೂರು ತಿರುಗುತ್ತಿದ್ದ, ಒಳಗೊಳಗೇ ಕೆಲವು ಹುಡುಗರನ್ನೂ ಸೇರಿಸಿಕೊಂಡಿದ್ದ 'ಬ್ಲೂಮರ್ ಗರ್ಲ್ಸ್' ತಂಡದಲ್ಲಿ ಆಡಿದವರು. ಅದನ್ನು ಓದಿದಾಗ ಗದಗದ ಅಜ್ಜಾರು ನೆನಪಾಗಿ ನಕ್ಕೆ. ವುಡ್ ಅವರ ಜಾಡು ಹಿಡಿದು ಹೋದವಳಿಗೆ ಸಿಕ್ಕಿದ್ದು ಏಂಜೆಲ್.

ಏಂಜೆಲ್ ವೃತ್ತಿಯಿಂದ ದಿ ನ್ಯೂಯಾರ್ಕರ್ ಪತ್ರಿಕೆಯ ಕಥಾ ವಿಭಾಗದ ಸಂಪಾದಕರು. ಬೇಸ್‌ಬಾಲ್ ಬಗ್ಗೆ 1962ರಿಂದ ಬರೆಯುತ್ತ ಬಂದವರು, 101 ವರ್ಷ ಬದುಕಿ 2022ರಲ್ಲಿ ತೀರಿಕೊಂಡರು. ಈ ಪ್ರಬಂಧ ಅಚ್ಚಾದದ್ದು 1981ರ ಜುಲೈ 20ರ ಸಂಚಿಕೆಯಲ್ಲಿ. ಆ ಹೊತ್ತಿಗೆ ವೃತ್ತಿಪರ ಆಟಗಾರರು ಮುಷ್ಕರ ಹೂಡಿ ಒಂದು ತಿಂಗಳ ಮೇಲಾಗಿತ್ತು. ಆ ಬೇಸಿಗೆ 700ಕ್ಕೂ ಹೆಚ್ಚು ಪಂದ್ಯಗಳು ರದ್ದಾದವು. ದೊಡ್ಡ ಮೈದಾನಗಳೆಲ್ಲ ಖಾಲಿ ಬಿದ್ದಿದ್ದಾಗ, ವಾರಗಳ ಹಿಂದೆ ಒಂದು ಕಾಲೇಜು ಮೈದಾನದಲ್ಲಿ ನಡೆದದ್ದರ ವಿವರ ಓದುಗರ ಕೈಗೆ ಬಂತು. ಈಗ ಪುಸ್ತಕದಲ್ಲಿ ಓದುವ ನಮಗೆ ಆ ಹಸಿವು ತಾಗುವುದಿಲ್ಲ.

ಪ್ರಬಂಧದ ಹೊರ ರಚನೆ ಸರಳ. ಮೈದಾನದಲ್ಲಿ ಹೊಸಬರ ಆಟ, ಗ್ಯಾಲರಿಯಲ್ಲಿ ಹಳಬರ ನೆನಪು. ಒಂದು ಇನಿಂಗ್ಸ್ ಇಲ್ಲಿ, ಒಂದು ಪ್ರಸಂಗ ಅಲ್ಲಿ. ಏಂಜೆಲ್ ಹೋದದ್ದು ವುಡ್ ಬಾಯಿಂದ 1912ನ್ನು ಕೇಳಲೆಂದೇ. ಕೇಳುತ್ತಾರೆ. ವುಡ್ ಸೌಜನ್ಯದಿಂದ ಒಂದಿಷ್ಟು ಹೇಳುತ್ತಾರೆ. ಆದರೆ ಎಪ್ಪತ್ತು ವರ್ಷಗಳಿಂದ ಎಲ್ಲರೂ ಕೇಳಿರುವ ಪ್ರಶ್ನೆಗಳವು. ಕಣ್ಣು ಮಾತ್ರ ಡಾರ್ಲಿಂಗ್‌ನ ಮೇಲೆ. ಪಂದ್ಯ ಬಿಗಿಯಾದಂತೆ ಏಂಜೆಲ್‌ಗೆ ತಮ್ಮ ಕೇಳುವಿಕೆಯ ಬಗ್ಗೆಯೇ ಮುಜುಗರವಾಗುತ್ತದೆ. ಪ್ರಶ್ನೆ ನಿಲ್ಲಿಸುತ್ತಾರೆ. ಇಬ್ಬರೂ ಆಟ ನೋಡುತ್ತಾರೆ.

ಈ ಪ್ರಬಂಧವನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವುದು ಭೂತ ವರ್ತಮಾನಗಳ ಹೆಣಿಗೆಯ ಬಗ್ಗೆ. ಶೀರ್ಷಿಕೆಯೇ ಅದಕ್ಕೆ ದಾರಿ ಮಾಡಿಕೊಡುತ್ತದೆ. 'ವೆಬ್' ಎಂಬ ಪದವನ್ನು ಕನ್ನಡಕ್ಕೆ ತರಲು ನಾನು ಬಹಳ ಒದ್ದಾಡಿದ್ದೇನೆ. 'ಬಲೆ' ಎಂದರೆ ನಮಗೆ ಮೊದಲು ಹೊಳೆಯುವುದು ಹಿಡಿಯುವುದು, ಸಿಕ್ಕಿಬೀಳುವುದು. 'ನೇಯ್ಗೆ' ಎಂದರೆ ನೇಕಾರನೊಬ್ಬ ಬೇಕು. ಇಲ್ಲಿ ಯಾರೂ ಕೂತು ನೇಯ್ದದ್ದಲ್ಲ. ಹೀಗೆ ತಡಕಾಡುವಾಗಲೇ ನನಗೆ ಹೊಳೆದದ್ದು, ಈ ಪ್ರಬಂಧದಲ್ಲಿ 'ಬಲೆ' ಎಂಬ ಅರ್ಥವೂ ಸುಳ್ಳಲ್ಲ ಎಂದು. ಏಂಜೆಲ್ ಬಲೆ ಹಿಡಿದೇ ಬಂದಿದ್ದಾರೆ, ವುಡ್ ಎಂಬ ಮುದುಕರಿಂದ ನೆನಪು ಹಿಡಿಯಲು. ಬಲೆಯನ್ನು ಅವರು ಪುಟದ ಮೇಲೆಯೇ ಕೆಳಗಿಡುತ್ತಾರೆ. ನನ್ನ ಮಟ್ಟಿಗೆ ಪ್ರಬಂಧದ ಜೀವ ಇರುವುದು ಆ ಘಳಿಗೆಯಲ್ಲಿ, 1912 ಮತ್ತು 1981ರ ಎರಡು 1-0ಗಳ ಚಂದದ ಹೊಂದಾಣಿಕೆಯಲ್ಲಿ ಅಲ್ಲ. ಆ ಹೊಂದಾಣಿಕೆ ಆಕಸ್ಮಿಕವಾಗಿ ಸಿಕ್ಕ ಬಹುಮಾನ, ಯಾವ ಬರಹಗಾರನೂ ಬಿಡಲಾರ.

ರಿಟರ್ ಮತ್ತು ಏಂಜೆಲ್ ಮಾತಾಡಿಸಿದ್ದು ಒಬ್ಬರನ್ನೇ. ಎರಡು ಬರಹಗಳ ವ್ಯತ್ಯಾಸಕ್ಕೆ ಲೇಖಕರ ಸ್ವಭಾವ ಒಂದು ಕಾರಣ ಇರಬಹುದು. ನನಗೆ ಮುಖ್ಯವಾಗಿ ಕಾಣುವುದು ಕೂರುವ ಭಂಗಿ. ಸಂದರ್ಶನದಲ್ಲಿ ಇಬ್ಬರು ಎದುರುಬದುರು ಕೂರುತ್ತಾರೆ, ನಡುವೆ ಯಂತ್ರ. ಉತ್ತರಿಸುವವರಿಗೆ ನೋಡಲು ಕೇಳುವವರ ಮುಖ ಬಿಟ್ಟರೆ ಬೇರೇನೂ ಇಲ್ಲ. ಆ ಮುಖ ಏನನ್ನು ಬಯಸುತ್ತದೆಂದು ಅವರಿಗೆ ಬೇಗ ಗೊತ್ತಾಗುತ್ತದೆ. ಗ್ಯಾಲರಿಯಲ್ಲಿ ಇಬ್ಬರೂ ಪಕ್ಕಪಕ್ಕ ಕೂತು ಮೂರನೆಯದೊಂದನ್ನು ನೋಡುತ್ತಾರೆ. ಮಾತು ನಿಂತರೆ ಅದು ಮೌನವಲ್ಲ, ನೋಡುವುದು ನಡೆದೇ ಇರುತ್ತದೆ. ನಮ್ಮ ಹಳ್ಳಿಗಳಲ್ಲಿ ಹಿರಿಯರು ಕಟ್ಟೆಯ ಮೇಲೆ ಹೀಗೇ ರಸ್ತೆಗೆ ಮುಖಮಾಡಿ ಸಾಲಾಗಿ ಕೂರುತ್ತಾರೆ. ಅಲ್ಲಿ ಮಾತು ಹೋಗಿ ಬರುವ ಬಸ್ಸಿನಿಂದ, ಎಮ್ಮೆಯಿಂದ ಹುಟ್ಟುತ್ತದೆ. ಐವತ್ತು ಸಾವಿರ ಜನ ಕಿರುಚುವ ವೃತ್ತಿಪರ ಮೈದಾನದಲ್ಲಿ ಏಂಜೆಲ್‌ಗೆ ಈ ಪ್ರಬಂಧ ಸಿಗುತ್ತಿತ್ತೇ ಎಂಬುದು ನನಗೆ ಅನುಮಾನ. ಕಾಲೇಜು ಮೈದಾನದ ಸಣ್ಣತನ ಬೇಕಿತ್ತು. ಒಬ್ಬ ಹಳೆಯ ಕೋಚ್ ಬಂದು ಕೂತರೆ ಗದ್ದಲವಾಗದ, ಎಸೆತ ಕೀಪರನ ಗ್ಲೌಸಿಗೆ ಬಿದ್ದ ಸದ್ದು ಗ್ಯಾಲರಿಗೂ ಕೇಳುವಂಥ ಜಾಗ.

ಇನ್ನೊಂದನ್ನೂ ಆ ಜಾಗವೇ ಮಾಡುತ್ತದೆ. ವುಡ್ ಅಲ್ಲಿ 'ನೆನಪಿನ ಮೂಲ' ಅಲ್ಲ, ಬಲ್ಲವರು. ಎರಡು ದಶಕ ಇಂಥ ಹುಡುಗರ ಭುಜ, ಮೊಣಕೈ, ಹೆಜ್ಜೆಯಿಡುವ ರೀತಿ ನೋಡುತ್ತ ಬಂದ ಕಣ್ಣು ಅವರದು. ತಮ್ಮದೇ ಭುಜ ಕೈಕೊಟ್ಟದ್ದನ್ನು ಅನುಭವಿಸಿದವರು. ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಇನ್ನೂ ಎಸೆಯುತ್ತಿರುವ ಇಪ್ಪತ್ತರ ಹುಡುಗನನ್ನು ನೋಡುವಾಗ ಅವರು ನೋಡುತ್ತಿದ್ದದ್ದು ನಾವು ನೋಡುವುದಕ್ಕಿಂತ ಬೇರೆ. ಅಂಥವರನ್ನು ಭುಜ ತಟ್ಟಿ, ಸ್ವಾಮಿ, ಎಪ್ಪತ್ತು ವರ್ಷದ ಹಿಂದೆ ಏನಾಯಿತು ಹೇಳಿ ಎನ್ನುವುದರಲ್ಲಿ ಒಂದು ಬಗೆಯ ಅವಮಾನವಿದೆ. ನಿಮ್ಮ ಈಗಿನ ಕಣ್ಣು ನಮಗೆ ಬೇಡ ಎಂದಂತೆ.

ಇಷ್ಟು ಮೆಚ್ಚಿದ ಮೇಲೂ ನನಗೆ ಎರಡು ತಕರಾರುಗಳಿವೆ.

ಒಂದು, ಗೆದ್ದವರ ಬಗ್ಗೆ. ಎಷ್ಟು ಸಲ ಓದಿದರೂ ನನಗೆ ಉಳಿಯುವುದು ಡಾರ್ಲಿಂಗ್‌ನ ಸೋಲು. ಸ್ಕಾಫಾನ ಹೆಸರನ್ನು ಪ್ರತಿ ಸಲವೂ ಹುಡುಕಬೇಕು. ಸೇಂಟ್ ಜಾನ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ವಲಸೆಗಾರರ ಮಕ್ಕಳಿಗೆಂದು ಕ್ಯಾಥೊಲಿಕ್ ಪಾದ್ರಿಗಳು ಕಟ್ಟಿದ ವಿಶ್ವವಿದ್ಯಾಲಯ. ಬಂದವರ ಮೈದಾನದಲ್ಲಿ, ಅವರ ಪ್ರೇಕ್ಷಕರ ಮುಂದೆ, ಹಿಟ್ಟೇ ಇಲ್ಲದ ದಿನ ಮೂರು ಕಳ್ಳ ಓಟಗಳಿಂದ ಗೆಲುವನ್ನು ಕಸಿದುಕೊಂಡ ಹುಡುಗರು. ಅದು ಬುದ್ಧಿವಂತಿಕೆಯ ಆಟ. ಏಂಜೆಲ್ ಅದನ್ನು ಮುಚ್ಚಿಡುವುದಿಲ್ಲ, ಆ ಓಟಗಳನ್ನು ಹೇಳುತ್ತಾರೆ. ಆದರೆ ಎಳೆಗಳು ಜೋಡಿಸಿಕೊಳ್ಳುವುದು ಯೇಲ್ ಕಡೆಗೇ: ವುಡ್, ಡಾರ್ಲಿಂಗ್, ಆ ಹಸಿರು ಹಳೆಯ ಗ್ಯಾಲರಿ. ಎಷ್ಟೆಂದರೂ ನೆನಪಿಡಲು ಗ್ರಂಥಾಲಯ, ಫೋಟೋ, ಅಧ್ಯಕ್ಷರು ಇರುವವರ ಮೈದಾನ ಅದು. ಪಕ್ಕದಲ್ಲಿ ಕೂರುವುದು ಸರಿ, ಯಾವ ಬದಿಯ ಗ್ಯಾಲರಿಯಲ್ಲಿ ಕೂರುತ್ತೇವೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಹಾಗೆ ನೋಡಿದರೆ ಡಾರ್ಲಿಂಗ್, ವಯೋಲಾ ಇಬ್ಬರೂ ಮುಂದೆ ದೊಡ್ಡ ಲೀಗ್‌ಗಳಲ್ಲಿ ಹೆಸರು ಮಾಡಿದರು, ಕೆಲಕಾಲ ನ್ಯೂಯಾರ್ಕ್ ಮೆಟ್ಸ್‌ನಲ್ಲಿ ಒಂದೇ ತಂಡದಲ್ಲಿ ಆಡಿದರು. 1987ರ ವರ್ಲ್ಡ್ ಸೀರೀಸ್‌ನ ಶ್ರೇಷ್ಠ ಆಟಗಾರ ವಯೋಲಾನೇ.

ಎರಡನೆಯದು ತಕರಾರು ಎನ್ನುವುದಕ್ಕಿಂತ ಕಸಿವಿಸಿ. 1926ರಲ್ಲಿ ಹಳೆಯ ಆಟಗಾರ ಡಚ್ ಲೆನರ್ಡ್ ಕೆಲವು ಪತ್ರಗಳನ್ನು ಹೊರಹಾಕಿದ. 1919ರ ಒಂದು ಪಂದ್ಯದ ಮೇಲೆ ಟೈ ಕಾಬ್, ಟ್ರಿಸ್ ಸ್ಪೀಕರ್ ಮತ್ತು ವುಡ್ ಜೊತೆಗೂಡಿ ಬಾಜಿ ಕಟ್ಟಿದ್ದರು ಎಂಬುದು ಆರೋಪ. ಪತ್ರಗಳಲ್ಲೊಂದು ವುಡ್ ಬರೆದದ್ದು. ಕಾಬ್ ಮತ್ತು ಸ್ಪೀಕರ್‌ರನ್ನು ಕಮಿಷನರ್ ದೋಷಮುಕ್ತರೆಂದರು. ಯೇಲ್ ವುಡ್ ಅವರನ್ನು ಕೈಬಿಡಲಿಲ್ಲ. ಅವರು ಕೋಚ್ ಆಗಿಯೇ ಮುಂದುವರಿದರು. 1981ರ ಆ ಮಧ್ಯಾಹ್ನ ಪ್ರೇಕ್ಷಕರಲ್ಲಿ ಯೇಲ್‌ನ ಅಧ್ಯಕ್ಷ ಬಾರ್ಟ್ ಜಿಯಾಮಟಿ ಕೂಡ ಇದ್ದರು, ರಿನೇಸಾನ್ಸ್ ಸಾಹಿತ್ಯದ ವಿದ್ವಾಂಸ, ಬೇಸ್‌ಬಾಲ್ ಬಗ್ಗೆ ತಾವೂ ಪ್ರಬಂಧ ಬರೆದವರು. 1985ರ ಜನವರಿಯಲ್ಲಿ ಅವರು ವುಡ್‌ಗೆ ಗೌರವ ಡಾಕ್ಟರೇಟ್ ಕೊಟ್ಟರು (ಆರನೆಯ ವರ್ಷದಲ್ಲಿ ತೆವಳುತ್ತಿರುವ ನನ್ನಂಥವರಿಗೆ ಇಂಥ ಸುದ್ದಿ ಓದಿದರೆ ಸಣ್ಣದೊಂದು ಹೊಟ್ಟೆಯುರಿ). ಅದೇ ಜುಲೈನಲ್ಲಿ ವುಡ್ ತೀರಿಕೊಂಡರು. 1989ರಲ್ಲಿ ಇಡೀ ಬೇಸ್‌ಬಾಲ್‌ನ ಕಮಿಷನರ್ ಆಗಿದ್ದ ಅದೇ ಜಿಯಾಮಟಿ, ಬಾಜಿಯ ಕಾರಣಕ್ಕೇ ಪೀಟ್ ರೋಸ್‌ನನ್ನು ಆಟದಿಂದ ಹೊರಹಾಕಿದರು. ಎಂಟು ದಿನಗಳ ನಂತರ ಹೃದಯಾಘಾತದಿಂದ ಅವರೂ ಹೋದರು. ಏಂಜೆಲ್ ಬರೆಯುವಾಗ ಇದರ ಹೆಚ್ಚಿನ ಭಾಗ ಇನ್ನೂ ನಡೆದಿರಲಿಲ್ಲ. ಅವರನ್ನು ದೂರುವಂತಿಲ್ಲ. ಆದರೆ ಇದೆಲ್ಲ ಗೊತ್ತಾದ ಮೇಲೆ ಆ ಗ್ಯಾಲರಿಯನ್ನು ಮೊದಲಿನಷ್ಟು ನಿರ್ಮಲವಾಗಿ ಓದಲು ನನ್ನಿಂದ ಆಗುತ್ತಿಲ್ಲ. ಎಳೆಗಳಲ್ಲಿ ಇಂಥವೂ ಇದ್ದವು. ವುಡ್ ಮಾತಾಡದೆ ಕೂತ ಹೊತ್ತಿನಲ್ಲಿ ಯಾವುದನ್ನು ಹೇಳದೆ ಉಳಿಸಿಕೊಂಡರೋ ಯಾರಿಗೆ ಗೊತ್ತು. ಹೇಳದಿರುವುದು ಅವರ ಹಕ್ಕು ಎಂದು ಒಪ್ಪುವುದೂ, ನನ್ನೊಳಗಿನ ಸಂಶೋಧಕಿಯ ಕುತೂಹಲವೂ ಇನ್ನೂ ಜಗಳವಾಡುತ್ತಿವೆ.

ಅಧ್ಯಾಯವನ್ನು ಮತ್ತೆ ಬರೆಯುತ್ತಿದ್ದೇನೆ. 'ಅಪ್ರಸ್ತುತ' ಎಂದು ಬಿಟ್ಟಿದ್ದ ಆ 41 ನಿಮಿಷಗಳನ್ನು ಹೋದ ವಾರ ಮೊದಲ ಸಲ ಪೂರ್ತಿ ಕೇಳಿದೆ. ಬಹುಪಾಲು ಗದ್ದಲವೇ. ಪೇಟಿ ಮಾಸ್ತರು ಒಂದೇ ಪದವನ್ನು ಐದಾರು ಸಲ ಮೊದಲಿನಿಂದ ನುಡಿಸುತ್ತಾರೆ. ನಾನು ನಡುನಡುವೆ ಪ್ರಶ್ನೆ ಕೇಳುತ್ತಲೇ ಇದ್ದೇನೆ, ಕಂಪನಿ ಯಾವುದು, ಇಸವಿ ಯಾವುದು, ಸೀರೆ ಉಡಿಸುತ್ತಿದ್ದವರು ಯಾರು. ನನ್ನ ದನಿ ನನಗೇ ಸೊಳ್ಳೆಯ ಗುಂಯ್ ಅನ್ನಿಸಿತು. ಅಜ್ಜಾರು ಒಂದಕ್ಕೂ ಉತ್ತರಿಸುವುದಿಲ್ಲ. ಹೆಣ್ಣು ಪಾತ್ರದ ಹುಡುಗ ರಂಗಕ್ಕೆ ಬರುವಾಗಲೇ ಮಾತು ಶುರುಮಾಡುತ್ತಿದ್ದನೆಂದು ತೋರುತ್ತದೆ. "ಕಾಲು ಮೊದಲ ಬರಬೇಕು, ಮಾತು ಆಮ್ಯಾಲ," ಎಂದು ಅವರು ತಮ್ಮಷ್ಟಕ್ಕೇ ಅನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಕಟ್ಟೆಯಿಂದಲೇ ಕೂಗಿ ಹೇಳುತ್ತಾರೆ. ಹುಡುಗ ಮತ್ತೆ ಹೋಗಿ ಬರುತ್ತಾನೆ, ಮತ್ತೆ. 36ನೆಯ ನಿಮಿಷದಲ್ಲಿ ನಾನು ಕೇಳುವುದನ್ನು ನಿಲ್ಲಿಸಿದ್ದೇನೆ. ಬೇಸರಕ್ಕೋ, ಹೊತ್ತಾಯಿತೆಂದೋ ನೆನಪಿಲ್ಲ. ಆಮೇಲೆ ಪೇಟಿ, ಗೆಜ್ಜೆಯಿಲ್ಲದ ಬರಿಗಾಲಿನ ಹೆಜ್ಜೆ, ಒಂದು ಕ್ಷಣ ಏನೂ ಇಲ್ಲ. ಆಗ ಅವರು ನನ್ನ ಕಡೆ ತಿರುಗಿ ಹೇಳಿದ್ದು ಬಹಳ ಹತ್ತಿರದಿಂದ ಕೇಳುತ್ತದೆ: "ಹಾಂ, ಈಗ ಬಂದ್ಲು ನೋಡವಾ."